ಭಾವನ ಟೇಬಲ್ ಮೇಲೆ ಎಲ್ಲವೂ ಸರಿ

ಪೇಟೆಯಲ್ಲಿ ನನ್ನ ಭಾವನಿಗೆ ಬಿಚ್ಚಪ್ಪ ಎಂದೇ ಹೆಸರು. ಯಂತ್ರ ಕೈಗೆ ಸಿಕ್ಕಿದರೆ ಮೊದಲು ಬಿಚ್ಚುವುದು, ಏನಾಗಿದೆ ಎಂದು ಆಮೇಲೆ ಕೇಳುವುದು ಅವರ ಪದ್ಧತಿ. ಅಕ್ಕನನ್ನು ಮದುವೆಯಾದ ಹೊಸದರಲ್ಲಿ ನಮ್ಮ ಮನೆಗೆ ಬಂದವರು, ಕಾಫಿ ಬರುವಷ್ಟರಲ್ಲಿ ನಮ್ಮ ರೇಡಿಯೋವನ್ನು ಬಿಚ್ಚಿ ಚಾಪೆಯ ಮೇಲೆ ಹರಡಿದ್ದರು. ಅದು ಕೆಟ್ಟೇ ಇರಲಿಲ್ಲ.

ಬಿಡಿಭಾಗ ತರಿಸಿ ಕಂಪ್ಯೂಟರ್ ಜೋಡಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅವರ ಕಸುಬು. ಕೌಂಟರಿನಲ್ಲಿ ಕೂತು ಫೋನ್ ಎತ್ತುವುದು ನನ್ನ ಕೆಲಸ. ಅವರ ಟೇಬಲಿನ ಕೆಳಗೆ ಒಂದು ದಪ್ಪ ಪವರ್ ಸಪ್ಲೈ ಕಾಯಂ ಆಗಿ ಕೂತಿದೆ. ಗೋಡೆಯ ಕರೆಂಟನ್ನು ತಗ್ಗಿಸಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬ ಅದು. ಪ್ರತಿ ಕಂಪ್ಯೂಟರಿನೊಳಗೂ ಅಂಥದ್ದೊಂದು ಇರುತ್ತದೆ. ಭಾವ ಮಾತ್ರ ರಿಪೇರಿಗೆ ಬಂದ ಯಂತ್ರದಲ್ಲಿ ಅದರೊಳಗಿನ ಡಬ್ಬದ ವೈರನ್ನು ಕಿತ್ತು, ಟೇಬಲಿನ ವೈರನ್ನು ಚುಚ್ಚಿಯೇ ಪರೀಕ್ಷೆ ಶುರು ಮಾಡುತ್ತಾರೆ. ಕರೆಂಟಿನ ಮೇಲೆ ಅನುಮಾನ ಇಲ್ಲದಿದ್ದರೆ ಮಿಕ್ಕಿದ್ದನ್ನು ನೆಮ್ಮದಿಯಾಗಿ ನೋಡಬಹುದು ಎಂಬುದು ಅವರ ವಾದ. ನನಗೂ ಅದು ಜಾಣತನವಾಗಿಯೇ ಕಂಡಿತ್ತು.

ದೊಡ್ಡಕ್ಕ ಭಾವನಿಗೆ ಒಡಹುಟ್ಟಿದ ಅಕ್ಕ. ಅರವತ್ತಮೂರು ವಯಸ್ಸು, ಒಂಟಿ ಜೀವ. ಮನೆಯಲ್ಲೇ ಕೂತು ಒಂದು ಪ್ರೆಸ್ಸಿಗೆ ಪುಸ್ತಕಗಳನ್ನು ಟೈಪ್ ಮಾಡಿ, ಪುಟ ಕಟ್ಟಿ, ತಪ್ಪು ತಿದ್ದಿ ಕೊಡುತ್ತಿದ್ದರು. ಒಂದು ಅಲ್ಪವಿರಾಮ ಆಚೀಚೆಯಾದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರ ಕಂಪ್ಯೂಟರನ್ನು ಭಾವ ಸ್ವಂತ ಕೈಯಿಂದ, ಒಂದೊಂದು ಭಾಗ ಆರಿಸಿ ಜೋಡಿಸಿಕೊಟ್ಟಿದ್ದರು.

ನಾಲ್ಕನೇ ವರ್ಷ ಅದು ಹಟ ಮಾಡತೊಡಗಿತು. ಕೆಲಸದ ನಡುವೆ ಫಕ್ಕನೆ ಆರಿ ತಾನೇ ಹೊತ್ತಿಕೊಳ್ಳುತ್ತಿತ್ತು. ಪರದೆಯ ಮೇಲೆ ಬಂದ ಸಂದೇಶ ರ್‍ಯಾಮಿನತ್ತ ಬೊಟ್ಟು ಮಾಡುತ್ತಿತ್ತು. ನಡೆಯುತ್ತಿರುವ ಕೆಲಸವನ್ನು ಆ ಹೊತ್ತಿಗೆ ನೆನಪಿನಲ್ಲಿಡುವ ಭಾಗ ಅದು. ನಾವು ಅದನ್ನು ಅಂಗಡಿಗೆ ಹೊತ್ತು ತಂದೆವು. ಭಾವ ರ್‍ಯಾಮಿನ ಪಟ್ಟಿಗಳನ್ನು ತೆಗೆದು ಒರೆಸಿದರು, ಜಾಗ ಅದಲುಬದಲು ಮಾಡಿದರು, ಕೊನೆಗೆ ಹೊಸದನ್ನೇ ಹಾಕಿದರು. ಟೇಬಲಿನ ಮೇಲೆ ಎರಡು ದಿನ ಪರೀಕ್ಷೆ ಓಡಿತು. ಒಂದೇ ಒಂದು ದೋಷ ಬರಲಿಲ್ಲ. ಮನೆಗೆ ಹೋದ ವಾರದಲ್ಲೇ ಹದಿನೆಂಟು ಪುಟ ಮಾಯ. ಮತ್ತೆ ತಂದೆವು, ಮತ್ತೆ ಎಲ್ಲ ಸರಿ. ಮೂರನೇ ಸಲ ಭಾವನ ತಾಳ್ಮೆ ಕೆಟ್ಟಿತು.

"ಅಕ್ಕ, ಯಂತ್ರದಲ್ಲಿ ಏನೂ ಇಲ್ಲ. ಆರೋದು ಬೀದಿ ಕರೆಂಟಿನ ಕಾಟ. ನೀನು ಸೇವ್ ಮಾಡೋದು ಮರೀತಿದ್ದೀಯ ಅಷ್ಟೆ," ಎಂದರು.

ಆಮೇಲೆ ದೊಡ್ಡಕ್ಕ ಫೋನ್ ಮಾಡಿದಾಗಲೆಲ್ಲ ನಾನೂ ಅದೇ ರಾಗ ಹಾಡಿದೆ. ಚಿಕ್ಕ ಮಕ್ಕಳಿಗೆ ಹೇಳುವಂತೆ, ಯಾವ ಕೀ ಒತ್ತಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಒಮ್ಮೆ ಫೋನಿಟ್ಟ ಮೇಲೆ ನಕ್ಕಿದ್ದೂ ಉಂಟು. ಆ ನಗು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಕಳೆದ ತಿಂಗಳು ದೊಡ್ಡಕ್ಕನೇ ಫೋನ್ ಮಾಡಿ, ಈ ಯಂತ್ರ ಇನ್ನು ತನಗೆ ಬೇಡ, ಯಾರಿಗಾದರೂ ಉಪಯೋಗವಾಗಲಿ, ಒಯ್ಯಿರಿ ಎಂದರು. ಮರುದಿನ ಬೆಳಿಗ್ಗೆ ಭಾವನೂ ನಾನೂ ಹೋದೆವು. ಕೀಬೋರ್ಡಿನ ಪಕ್ಕ ಒಂದು ನೋಟ್‌ಬುಕ್ ಇತ್ತು. ಭಾವ ದೊಡ್ಡಕ್ಕನ ಫೋಟೋಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಲು ಕೂತಾಗ ನಾನು ಅದನ್ನು ಸುಮ್ಮನೆ ತಿರುವಿದೆ. ಹತ್ತು ಗಂಟೆ ಹತ್ತು ನಿಮಿಷ, ಸೇವ್ ಮಾಡಿದೆ. ಹತ್ತೂ ಇಪ್ಪತ್ತು, ಸೇವ್ ಮಾಡಿದೆ. ಪುಟದ ತುಂಬ ಅದೇ, ಪ್ರತಿಯೊಂದರ ಎದುರಿಗೂ ಕೆಂಪು ಶಾಯಿಯ ಸರಿ ಗುರುತು. ಅಂಥ ಪುಟಗಳು ಐವತ್ತಕ್ಕೂ ಮೇಲಿದ್ದವು.

ನಾನು ಅದನ್ನು ಭಾವನ ಮುಂದೆ ಹಿಡಿಯುವುದಕ್ಕೂ ಯಂತ್ರ ಆರಿಹೋಗುವುದಕ್ಕೂ ಸರಿಹೋಯಿತು. ಯಾರೂ ಏನನ್ನೂ ಮುಟ್ಟಿರಲಿಲ್ಲ.

ಭಾವ ಚೀಲದಿಂದ ಮೀಟರ್ ತೆಗೆದರು. ಪಕ್ಕದ ಹಲಗೆ ಬಿಚ್ಚಿ, ಈ ಸಲ ಯಾವ ವೈರನ್ನೂ ಕೀಳದೆ, ಅದರದೇ ಪವರ್ ಸಪ್ಲೈಗೆ ಮೀಟರ್ ಹಿಡಿದು ಮತ್ತೆ ನಕಲು ಶುರು ಮಾಡಿದರು. ಹನ್ನೆರಡು ವೋಲ್ಟ್ ಇರಬೇಕಾದದ್ದು ಹನ್ನೊಂದಾಯಿತು, ಹತ್ತೂವರೆಯಾಯಿತು, ಮತ್ತೆ ಆರಿತು. ಕರೆಂಟು ತಡವರಿಸಿದಾಗ ರ್‍ಯಾಮಿನಲ್ಲಿದ್ದದ್ದು ಕಲಸಿಹೋಗುತ್ತಿತ್ತು. ಆಗ ಸೇವ್ ಮಾಡಿದ ಕಡತವೂ ಹಾಳಾಗುತ್ತಿತ್ತು. ಅವರು ಸ್ಕ್ರೂ ಬಿಚ್ಚಿ ಆ ಡಬ್ಬವನ್ನು ಈಚೆಗೆ ಎಳೆದರು. ಅಷ್ಟು ದಿನ ಮರೆಯಲ್ಲಿದ್ದ ಅದರ ಬದಿಗೆ ಅಂಟಿಸಿದ್ದ ಕಾಗದದ ಟೇಪಿನ ಮೇಲೆ ಅವರದೇ ಅಕ್ಷರ: ಹಳೆಯದು, ಹೊಸದು ಬಂದ ಮೇಲೆ ಬದಲಿಸಬೇಕು. ನಾಲ್ಕು ವರ್ಷ ಹಿಂದಿನ ತಾರೀಖು.

ನಾನು ಅವರ ಮುಖ ನೋಡಲಿಲ್ಲ. ಮರೆತವರು ಯಾರೆಂದು ಇಬ್ಬರಿಗೂ ಗೊತ್ತಾಗಿತ್ತು. ಸದ್ದಿಲ್ಲದೆ ಹೊಸದೊಂದನ್ನು ಹಾಕಿ, ಸರಿಯಾಯಿತು ಎಂದುಬಿಡಬಹುದಿತ್ತು. ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು, ಸುಳ್ಳೇಕೆ ಹೇಳಲಿ. ಭಾವ ಮಾತ್ರ ಟೇಪು ಅಂಟಿದ ಡಬ್ಬವನ್ನೇ ಹಿಡಿದು ದೊಡ್ಡಕ್ಕ ಇದ್ದ ಅಡುಗೆಮನೆಗೆ ನಡೆದರು. ಟೇಬಲಿನ ವಿಷಯ, ಟೇಪಿನ ವಿಷಯ, ಒಂದೂ ಬಿಡದೆ ಹೇಳಿದರು. ನೋಟ್‌ಬುಕ್ ಹಿಡಿದು ನಾನೂ ಹಿಂದೆಯೇ ಹೋಗಿ ನಿಂತಿದ್ದೆ.

ದೊಡ್ಡಕ್ಕ ಬೈಯಲಿಲ್ಲ. ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. "ಪ್ರೆಸ್ಸಿಗೆ ನಾನೇ ಹೋಗಿ ಹೇಳಿಬಂದೆ ಕಣೋ, ನನ್ನ ತಲೆ ಈಗ ನೆಟ್ಟಗಿಲ್ಲ, ಕೆಲಸ ಬೇರೆಯವರಿಗೆ ಕೊಡಿ ಅಂತ," ಎಂದರು. ಈಗಲೇ ಹೋಗಿ ಪ್ರೆಸ್ಸಿನವರ ಹತ್ತಿರ ಮಾತಾಡುತ್ತೇನೆ ಎಂದು ಭಾವ ಹೊರಟರು. ದೊಡ್ಡಕ್ಕ ಬೇಡವೆಂದು ತಲೆಯಾಡಿಸಿ, ನನ್ನ ಕೈಯಲ್ಲಿದ್ದ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಮುಂದಿಟ್ಟರು.

"ಮೊದಲು ಬರೆದುಕೊಡು. ನಾಳೆ ನನಗೆ ಮತ್ತೆ ಅನುಮಾನ ಬರುತ್ತೆ. ಆಗ ಓದಿಕೊಳ್ಳೋಕೆ ಬೇಕು."

ಭಾವ ಪೆನ್ನು ಹಿಡಿದರು. ತಪ್ಪು ಯಂತ್ರದ್ದು, ಅಕ್ಕನದಲ್ಲ ಎಂದು ಬರೆದರು. ದೊಡ್ಡಕ್ಕ ಕನ್ನಡಕ ಹಾಕಿಕೊಂಡು, ಪ್ರೂಫ್ ನೋಡುವ ಹಾಗೆ ಎರಡು ಸಲ ಓದಿ, ಹಾಳೆಯನ್ನು ವಾಪಸು ತಳ್ಳಿದರು.

"ಯಂತ್ರ ನನಗೆ ಏನೂ ಹೇಳಿರಲಿಲ್ಲ," ಎಂದರು. "ಹೇಳಿದವನು ನೀನು."

ಭಾವ ಆ ಸಾಲನ್ನು ಹೊಡೆದುಹಾಕಿ, ತಪ್ಪು ನನ್ನದು ಎಂದು ಕೆಳಗೆ ಮತ್ತೆ ಬರೆದು ಸಹಿ ಮಾಡಿದರು. ಯಾರೂ ಕೇಳದಿದ್ದರೂ ಪೆನ್ನು ತೆಗೆದುಕೊಂಡು ನಾನೂ ಸಹಿ ಹಾಕಿದೆ.