‘ನಂದು’ ಎಂಬ ಕೂಗು

ಸಂಜೆ ಐದು ಗಂಟೆ ಹತ್ತು ನಿಮಿಷ. ಎದುರು ಗೋಲಿನ ಹಿಂದಿರುವ ಕಾಲೇಜಿನ ಗಡಿಯಾರ ನನಗೆ ನೇರ ಕಾಣುತ್ತದೆ. ಆಟ ಆ ತುದಿಯಲ್ಲಿದ್ದಾಗ ಗೋಲ್‌ಕೀಪರನಿಗೆ ನೋಡಲು ಬೇರೇನಿರುತ್ತದೆ? ಕಣ್ಣು ಇಳಿಸುವಷ್ಟರಲ್ಲಿ ಚೆಂಡು ಎತ್ತರಕ್ಕೆದ್ದು ನಮ್ಮ ಕಡೆ ಬರುತ್ತಿತ್ತು. ನಮ್ಮ ಸ್ಟಾಪರ್, ನನ್ನ ಮುಂದೆಯೇ ನಿಲ್ಲುವ ಕೊನೆಯ ಡಿಫೆಂಡರ್, ‘ನಂದು’ ಎಂದು ಕೂಗಿದರು. ನಾವೆಲ್ಲ ನಿಂತೆವು.

ಬೇರೆ ತಂಡಗಳಲ್ಲಿ ಕೀಪರ್ ಕೂಗುತ್ತಾನೆ, ಡಿಫೆಂಡರುಗಳು ದಾರಿ ಬಿಡುತ್ತಾರೆ. ನಮ್ಮಲ್ಲಿ ಕೂಗು ಅವರದು, ನಿಲ್ಲುವುದು ಉಳಿದವರದು. ನಾನು ತಂಡಕ್ಕೆ ಬರುವ ಮೊದಲೇ ಬಿದ್ದ ರೂಢಿ ಅದು. ಅವರು ‘ನಂದು’ ಎಂದ ಚೆಂಡು ಅವರದೇ ಆಗುತ್ತಿತ್ತು. ಕಲಬುರಗಿಯಲ್ಲಿ ಅವರ ಮನೆಯಿದ್ದ ಶಹಾಬಜಾರಿನ ಓಣಿಯಲ್ಲಿ ಮಕ್ಕಳು ಕೂಡ ಅವರ ದನಿಯಲ್ಲೇ ಕೂಗಿ ಚೆಂಡು ಒದೆಯುತ್ತಿದ್ದರು. ಒಳ್ಳೆಯ ಸ್ಟಾಪರ್ ನೆಲಕ್ಕೆ ಬೀಳುವುದಿಲ್ಲ, ಎಲ್ಲಿ ನಿಲ್ಲಬೇಕೆಂದು ಅವನಿಗೆ ಮೊದಲೇ ಗೊತ್ತಿರುತ್ತದೆ ಎಂದು ಅವರು ಹೇಳುತ್ತಿದ್ದರು. ಆಟ ಮುಗಿದ ಮೇಲೆ ಅವರ ಚಡ್ಡಿಗೆ ಮಣ್ಣು ಹತ್ತಿರುತ್ತಿರಲಿಲ್ಲ.

ಆ ವರ್ಷ ಮಣ್ಣು ಹತ್ತತೊಡಗಿತು. ಜಾರಿ ಬಿದ್ದು ಚೆಂಡು ಕಸಿಯುತ್ತಿದ್ದರು, ಎದುರಾಳಿಯ ಅಂಗಿ ಹಿಡಿದೆಳೆಯುತ್ತಿದ್ದರು. ನಾನು ಅವರ ಬೆನ್ನ ಹಿಂದೆಯೇ ನಿಲ್ಲುವವನಾದ್ದರಿಂದ ಎಲ್ಲ ಕಾಣುತ್ತಿತ್ತು. ಪ್ರತಿ ಪಂದ್ಯದಲ್ಲೂ ಆ ಬೆನ್ನು ನನಗೆ ಇನ್ನಷ್ಟು ಹತ್ತಿರ ಬರುತ್ತಿತ್ತು. ಅವರು ಕಮಲಾಪುರದ ಶಾಲೆಯಲ್ಲಿ ಆಟದ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿ ಬರುವವರು. ಅವರು ಚೆಂಡಿಗೆ ತಡವಾದಾಗ ಚೇಷ್ಟೆ ಮಾಡಲು ಎದುರು ತಂಡದ ಹುಡುಗರಿಗೆ ಅಷ್ಟು ಸಾಕಾಗಿತ್ತು.

“ಬಸ್ ತಪ್ಪಿತೇನ್ರಿ ಕಾಕಾ?”

“ಮುಂದಿನ ಬಸ್ಸಿಗಿ ಬರ್ತೀನಿ ತಗೋ,” ಎಂದು ಅವರೂ ನಗುತ್ತಿದ್ದರು.

ಐದೂ ಹತ್ತರ ಆ ಚೆಂಡಿಗೂ ಅವತ್ತು ಅವರು ಕೂಗಿದರು, ಆದರೆ ಚೆಂಡಿನ ಹತ್ತಿರ ಹೋಗಿ ಮುಟ್ಟುವುದು ತಡವಾಯಿತು. ಅವರ ರೂಢಿ ತಿಳಿಯದ ಎದುರಾಳಿ ನಿಲ್ಲಲಿಲ್ಲ. ಎರಡು ತಲೆಗಳು ಡಿಕ್ಕಿ ಹೊಡೆದವು. ಆ ಸಪ್ಪಳವನ್ನು ಯಾವುದಕ್ಕೂ ಹೋಲಿಸಲು ನನಗೆ ಮನಸ್ಸಿಲ್ಲ. ಎದುರಾಳಿ ಹುಬ್ಬಿನ ರಕ್ತ ಒರೆಸಿಕೊಂಡು ಎದ್ದ. ಇವರು ಏಳಲಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು, ಹಲ್ಲು ಕಚ್ಚಿಕೊಂಡಿದ್ದವು, ಒಂದು ಕಾಲು ತಾನೇ ತಾನಾಗಿ ನೆಲ ಒದೆಯುತ್ತಿತ್ತು. ರೆಫರಿ ಅವರನ್ನು ಮಗ್ಗುಲಿಗೆ ಹೊರಳಿಸಿದರು. ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದ ನಾನು ಕೈಗವಸು ಕೂಡ ಬಿಚ್ಚದೆ ನೋಡುತ್ತಿದ್ದೆ.

ತಲೆಯೊಳಗೆ ಸ್ವಲ್ಪ ರಕ್ತ ಹೆಪ್ಪುಗಟ್ಟಿದೆ, ಔಷಧದಲ್ಲೇ ಕರಗುತ್ತದೆ ಎಂದರು ಡಾಕ್ಟರು. ಆದರೆ ಇನ್ನೊಂದು ಪೆಟ್ಟು ಬಿದ್ದರೆ ಉಳಿಸುವ ಮಾತು ಕೊಡಲಾರೆ ಎಂದೂ ಹೇಳಿದರು. ಮನೆಗೆ ಬಂದ ಮೇಲೆ ಅವರು ನಿದ್ದೆಯಲ್ಲಿ ‘ನಂದು’ ಎಂದು ಒದರಿ ಎದ್ದು ಕೂರುತ್ತಿದ್ದರಂತೆ. ನನಗೂ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಚೆಂಡು ಮೇಲೇಳುತ್ತಿತ್ತು, ಕೆಳಗೆ ಬರುತ್ತಿರಲಿಲ್ಲ.

ನೋಡಲು ಹೋದಾಗ ಅವರು ತಮ್ಮ ಬೂಟಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು.

“ತಲಿ ಹಚ್ಚಂಗಿಲ್ಲ. ಬರೇ ಕಾಲಿಂದ ಆಡ್ತೀನಿ.”

ಚಹಾ ತಂದ ಅವರ ಹೆಂಡತಿ ಬಟ್ಟಲು ನನ್ನ ಮುಂದಿಟ್ಟು, ಅವರ ಮುಖ ನೋಡದೆ ಹೇಳಿದರು: “ಚೆಂಡ್ ಬಂದ್ರ ನಿಮ್ ತಲಿ ನಿಮ್ ಮಾತ್ ಕೇಳ್ತದೇನ್ರಿ?”

ಬೇಸಿಗೆಯ ಕೊನೆಗೆ ಕಮಲಾಪುರದಲ್ಲಿ ಪಂದ್ಯವಿತ್ತು. ಅವರ ಶಾಲೆಯ ಊರು. ಅವರು ಪೂರ್ತಿ ಆಟದ ಉಡುಪಿನಲ್ಲೇ ಬಂದರು, ದ್ವಿತೀಯಾರ್ಧಕ್ಕೆ ಇಳಿಯುತ್ತೇನೆಂದು ಎಲ್ಲರಿಗೂ ಹೇಳಿ ಗೆರೆಯಾಚೆ ಕೂತರು. ಬೇಡ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ. ವಿರಾಮಕ್ಕೆ ಇನ್ನೇನು ಸೀಟಿ ಊದಬೇಕು, ಅಂಥದೇ ಒಂದು ಎತ್ತರದ ಚೆಂಡು ಬಂತು.

‘ನಂದು.’

ಕೂತಲ್ಲಿಂದಲೇ ಕೂಗಿದ್ದರು. ನಾವು ಅಷ್ಟೂ ಜನ ನಿಂತುಬಿಟ್ಟೆವು. ಚೆಂಡು ನನ್ನ ಮುಂದೆ ಪುಟಿದು, ಪಕ್ಕದಿಂದ ಹಾದು ಗೋಲಿನೊಳಗೆ ಹೋಯಿತು.

“ಹೊರಗ ಕುಂತೇ ಗೋಲ್ ಕೊಡಿಸಿದ್ರಲ್ರಿ ಕಾಕಾ,” ಎಂದ ಎದುರು ತಂಡದ ಒಬ್ಬ. ಈ ಸಲ ಅವರು ನಗಲಿಲ್ಲ.

ವಿರಾಮದಲ್ಲಿ ಅವರು ಗೋಲಿನ ಹಿಂದೆ ಬಂದು ಬಲೆ ಹಿಡಿದು ನಿಂತರು.

“ಇನ್ನ ಮ್ಯಾಲೆ ನೀನೇ ಒದರು.”

“ನೀವು ಇಳೀತೀನಿ ಅಂದಿದ್ರಿ?”

“ನಾ ಒದರಿದ್ರ ನೀವು ನಿಲ್ತೀರಿ. ನಾ ಬರ್ತೀನೋ ಇಲ್ಲೋ ನೋಡಂಗಿಲ್ಲ.”

ಅಲ್ಲೇ ಕೂತು ಬೂಟಿನ ದಾರ ಬಿಚ್ಚಿದರು. ಬಹಳ ಹೊತ್ತು ಹಿಡಿಯಿತು.

ದ್ವಿತೀಯಾರ್ಧದಲ್ಲಿ ನಾನು ಮೊದಲ ಸಲ ‘ನಂದು’ ಎಂದು ಕೂಗಿದೆ. ದನಿ ಒಡೆಯಿತು, ಚೆಂಡು ಮಾತ್ರ ಕೈಗೆ ಬಂತು. ತಿರುಗಿ ನೋಡಿದರೆ ಗೆರೆಯಾಚೆ ಅವರಿರಲಿಲ್ಲ. ಪಂದ್ಯ ಮುಗಿಸಿ ಬಸ್ಸು ಹತ್ತಿದಾಗ ಕಿಟಕಿಯ ಬದಿ ಕೂತಿದ್ದರು, ತೊಡೆಯ ಮೇಲೆ ಕಮಲಾಪುರದ ಹೆಸರಾದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು. ಕಲಬುರಗಿಯಲ್ಲಿ ಇಳಿಯುವಾಗ ನೋಡಿದೆ, ಅವರ ಚಡ್ಡಿಗೆ ಮಣ್ಣು ಹತ್ತಿರಲಿಲ್ಲ.

ಆ ರಾತ್ರಿ ಮಲಗಿದವನು ಬೆಳಗಾದ ಮೇಲೆಯೇ ಎದ್ದೆ. ಅವರ ಹೆಂಡತಿ ಫೋನು ಮಾಡಿ, ಅವರೂ ನಡುವೆ ಏಳದೆ ಮಲಗಿದರು ಎಂದರು. ಒಳ್ಳೆಯದಾಯಿತಲ್ಲ ಎಂದೆ.

“ಹೂಂ ರೀ. ಒಮ್ಮಿನೂ ಒದರ್ಲಿಲ್ಲ. ಉಸಿರಾಡ್ತಾರೋ ಇಲ್ಲೋ ಅಂತ ನಾನೇ ಎದ್ದೆದ್ದು ನೋಡೀನಿ.”