ಫೈಟಿಂಗ್ ಪಿಕ್ಚರಿನ ಐತ

ಐತನ ಮುಖ ಕಂಡರೆ ಜಯಪುರದ ಪೇಟೆಯಲ್ಲಿ ರಚ್ಚೆ ಹಿಡಿದ ಮಕ್ಕಳೂ ತೆಪ್ಪಗಾಗುತ್ತಿದ್ದವು. ಕಾಫಿ ತೋಟದಲ್ಲಿ ಮರಗಸಿ ಮಾಡುವಾಗ, ಎಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಹಾಲವಾಣದ ಗೆಲ್ಲೊಂದು ಸಿಡಿದು ಎಡ ಹುಬ್ಬಿನಿಂದ ದವಡೆಯ ತನಕ ಸೀಳಿತ್ತು. ಗಾಯ ಮಾಯಿತು, ಗುರುತು ಮಾಯಲಿಲ್ಲ. ಸಾಲದ್ದಕ್ಕೆ ಒಂದು ದಪ್ಪ ಮೀಸೆ ಬೇರೆ. ದೇವರು ಆ ಮುಖವನ್ನು ಯಾವನೋ ಕೊಲೆಗಡುಕನಿಗೆಂದು ಮಾಡಿಟ್ಟು, ಹಂಚುವಾಗ ಕೈತಪ್ಪಿ ಐತನಿಗೆ ಕೊಟ್ಟಿರಬೇಕು. ಒಳಗಿದ್ದವನು ಹಸುವಿನಂಥ ಮನುಷ್ಯ. ತೋಟದ ಕೆಲಸಕ್ಕೆ ಬರುವ ಎಳೆಯ ಹುಡುಗಿಯರನ್ನೂ ಅವನು ಅಮ್ಮಾ ಎಂದೇ ಕರೆಯುತ್ತಿದ್ದ. ಎದುರು ಸಿಕ್ಕಿದವರಿಗೆ ಅವನ ಮೊದಲ ಮಾತು ಊಟ ಆಯ್ತಾ ಎಂಬುದು, ಬೆಳಿಗ್ಗೆ ಏಳು ಗಂಟೆಯಾದರೂ ಅದೇ. ಇವರಿಗೆ ಬೈಯಲು ಬರುವುದಿಲ್ಲ, ಇವರ ಪಾಲಿನದನ್ನೂ ನಾನೇ ಬೈದು ಮುಗಿಸಬೇಕು ಎಂದು ಹೆಂಡತಿ ಯಲ್ಲಕ್ಕ ಹೇಳಿಕೊಳ್ಳುತ್ತಿದ್ದಳು. ಅದರಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಿತ್ತು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಶೃಂಗೇರಿ ಹತ್ತಿರದ ಮೆಣಸೆಗೆ ಸಿನಿಮಾದವರು ಬಂದರು. ಕ್ಯಾಮರಾಕ್ಕೆ ಬೆಳಕು ಬೀಳದಂತೆ ಒಂದು ಹಲಸಿನ ಕೊಂಬೆ ಅಡ್ಡ ಬಂದಿತ್ತಂತೆ. ಅದನ್ನು ಕಡಿಯಲು ಐತನನ್ನು ಜೀಪಿನಲ್ಲಿ ಕರೆಸಿದರು. ಕೊಂಬೆ ಕೆಡವಿ, ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ಮರ ಇಳಿಯುತ್ತಿದ್ದಾಗ ಫೈಟ್ ಮಾಸ್ಟರ್ ಅವನ ಮುಖ ನೋಡಿದ. ಬೆಂಗಳೂರಿನಿಂದ ತಂದ ರೌಡಿಗಳಲ್ಲಿ ಒಬ್ಬ ಕಾಲು ಉಳುಕಿಸಿಕೊಂಡು ಕೂತಿದ್ದ. ಅವನ ಜಾಗ ಐತನಿಗೆ ಸಿಕ್ಕಿತು.

ಅದು ಹೆಣ್ಣೇ ಮುಖ್ಯವಾಗಿದ್ದ ಪಿಕ್ಚರು. ಕೆಲಸ ಕೊಡಿಸುತ್ತೇವೆಂದು ಹಳ್ಳಿ ಹುಡುಗಿಯರನ್ನು ಕರೆದೊಯ್ದು ಮಾರುವ ಒಂದು ಗ್ಯಾಂಗು. ತಂಗಿಯನ್ನು ಕಳೆದುಕೊಂಡ ಅಕ್ಕನೊಬ್ಬಳು ಕರಾಟೆ ಕಲಿತು ಅವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾಳೆ. ಐತನ ಪಾಲಿಗೆ ಬಂದದ್ದು ಇಷ್ಟು: ಅಂಗಳಕ್ಕೆ ಬರುವಲ್ಲಿ ಗಳು ಅಡ್ಡ ಹಾಕಿದ ಉಣಗೋಲಿನ ಹತ್ತಿರ ಅವಳನ್ನು ಅಡ್ಡಗಟ್ಟಿ ಒಂದು ಮಾತು ಹೇಳಬೇಕು, ಎದೆಗೆ ಒದೆ ತಿಂದು ಹುಲ್ಲಿನ ರಾಶಿಗೆ ಬೀಳಬೇಕು. ಮಾತು ಯಾವುದು ಎಂದು ಕೇಳಿದರೆ, ಅದನ್ನು ಆಮೇಲೆ ನಾವು ಸೇರಿಸಿಕೊಳ್ಳುತ್ತೇವೆ, ನೀವು ಬಾಯಿ ಆಡಿಸಿದರೆ ಸಾಕು, ಏನಾದರೂ ಹೇಳಿ ಎಂದು ಡೈರೆಕ್ಟರ ಕೈಕೆಳಗಿನವನು ಹೇಳಿದ.

ಅಕ್ಕನ ಪಾರ್ಟಿನ ಹುಡುಗಿ ಎದುರು ಬಂದು ನಿಂತಾಗ ಐತನಿಗೆ ಏನೂ ತೋಚಲಿಲ್ಲ. ಅವನ ಮಗಳು ಅನಿತಾಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು. ಬಿಸಿಲಿಗೆ ಮುಖ ಬಾಡಿತ್ತು.

"ಅಮ್ಮಾ, ಊಟ ಆಯ್ತಾ?" ಎಂದ.

ಅವಳು ಕಿಸಕ್ಕನೆ ನಕ್ಕುಬಿಟ್ಟಳು. ಎಲ್ಲ ಮೊದಲಿಂದ ಮಾಡಬೇಕಾಯಿತು. ಎರಡನೇ ಸಲವೂ ಅವನು ಅದನ್ನೇ ಕೇಳಿದ, ಅವಳು ಮಾತ್ರ ನಗು ತಡೆದುಕೊಂಡು ಒದ್ದಳು. ಆಮೇಲೆ ಓಡಿಬಂದು, ನೋವಾಯಿತಾ ಎಂದು ವಿಚಾರಿಸಿದಳು. ಮನೆಗೆ ಬಂದು ಐತ ಇದನ್ನೆಲ್ಲ ಒಂದೂ ಬಿಡದೆ ಹೇಳಿದಾಗ ಯಲ್ಲಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅನಿತಾ ಮಾರನೇ ದಿನ ಕಾಲೇಜಿನಲ್ಲಿ ಗೆಳತಿಯರಿಗೆಲ್ಲ ಸುದ್ದಿ ಹರಡಿದಳು.

ದೀಪಾವಳಿ ಕಳೆದ ಮೇಲೆ ಪಿಕ್ಚರು ಕೊಪ್ಪದ ಟಾಕೀಸಿಗೆ ಬಂತು. ಸುತ್ತಿನ ಊರುಗಳ ಜನ ಜೀಪು ಮಾಡಿಕೊಂಡು ಹೋದರು. ತಮ್ಮ ಮನೆ ಅಂಗಳ ಬಂತೆಂದು ಒಬ್ಬ ಕೂಗಿದ, ತಮ್ಮ ಎಮ್ಮೆ ಬಂತೆಂದು ಇನ್ನೊಬ್ಬ. ಯಲ್ಲಕ್ಕ ಮಗಳ ಜೊತೆ ಹೆಂಗಸರ ಸಾಲಿನಲ್ಲಿ ಕೂತಿದ್ದಳು, ಐತ ಗಂಡಸರ ಕಡೆ. ಆಗ ಪರದೆಯ ತುಂಬ ಅವನ ಮುಖ ಬಂತು. ಕಲೆ ಒಂದು ಕಾಲುದಾರಿಯಷ್ಟು ಉದ್ದ ಕಂಡಿತು. ಆ ಮುಖ ಬಾಯಿ ತೆರೆಯಿತು. ಒಳಗಿನಿಂದ ಯಾವನದೋ ಒಡಕು ಗಂಟಲು ಆ ಹುಡುಗಿಯನ್ನು, ರಾತ್ರಿಗೆ ಎಷ್ಟೇ ಎಂದು ಕೇಳಿತು.

ಟಾಕೀಸು ಹಾರಿಹೋಗುವಷ್ಟು ಶಿಳ್ಳೆ ಬಿತ್ತು. ಮರುಕ್ಷಣ ಅವಳು ಒದ್ದಳು, ಹೆಂಗಸರ ಸಾಲಿನಿಂದ ಚಪ್ಪಾಳೆ ಬಂತು. ಐತನಿಗೆ ಎರಡೂ ಕೇಳಿದವು. ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದ. ಹೊರಗೆ ಬಂದಾಗ ಅವನು ಹೆಂಡತಿಯ ಮುಖ ನೋಡದೆ ಜೀಪಿನ ಹಿಂದೆ ನಿಂತ. ಯಲ್ಲಕ್ಕನೇ ಹುಡುಕಿಕೊಂಡು ಬಂದಳು.

"ಎಂತಕ್ಕೆ ತಲೆ ತಗ್ಗಿಸ್ತೀರಿ? ಅದು ನಿಮ್ಮ ದನಿಯಾ? ನಂಗೆ ಗೊತ್ತಾಗಲ್ವಾ?" ಎಂದಳು. ಜೀಪಿನಲ್ಲಿದ್ದವರಿಗೆಲ್ಲ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದಳು. ಐತನಿಗೆ ಹೋದ ಜೀವ ಬಂದಂತಾಯಿತು.

ನೋಡಿದವರು ಪಿಕ್ಚರನ್ನು ಹೇಗೆ ತೆಗೆದುಕೊಂಡರು ಎಂದರೆ, ಅದೂ ಒಂದು ಕಥೆಯೇ. ಶೃಂಗೇರಿ ಕಡೆಯ ಹಿರಿಯರು, ಹೆಂಗಸು ಒದ್ದರೆ ಅಷ್ಟು ದೂರ ಹಾರಿ ಬೀಳುವುದಕ್ಕೆ ಗಂಡಸೇನು ತರಗೆಲೆಯೇ ಎಂದರು. ಹೆಂಗಸರು ಮಾತ್ರ ಎರಡೆರಡು ಸಲ ನೋಡಿದರು. ನರಸಿಂಹರಾಜಪುರದ ಕರಾಟೆ ಕ್ಲಾಸಿಗೆ ಹೊಸದಾಗಿ ಹುಡುಗಿಯರು ಸೇರಿದರು. ಅನಿತಾಳಿಗೂ ಸೇರುವ ಆಸೆಯಿತ್ತು, ದೂರವೆಂದು ಸುಮ್ಮನಾದಳು. ಆದರೆ ನಾಲಗೆಗಳಲ್ಲಿ ಉಳಿದದ್ದು ಆ ಹುಡುಗಿಯ ಒದೆಯಲ್ಲ, ರೌಡಿಯ ಮಾತು. ಹೆಣ್ಣಿಗೆ ಧೈರ್ಯ ಹೇಳಲು ತೆಗೆದ ಪಿಕ್ಚರಿನಿಂದ ಬಸ್‌ಸ್ಟ್ಯಾಂಡಿನ ಪಡ್ಡೆಗಳು ಆರಿಸಿಕೊಂಡದ್ದು ಹೆಣ್ಣನ್ನು ಕೆಣಕುವ ಒಂದು ಸಾಲನ್ನು. ಕಾಲೇಜಿಗೆ ಹೋಗುವ ಹುಡುಗಿಯರ ಬೆನ್ನಿಗೆ ಅದನ್ನೇ ಎಸೆಯತೊಡಗಿದರು. ಅನಿತಾಳ ಬೆನ್ನಿಗೆ ಎಸೆದಾಗ, ನಿನ್ನಪ್ಪನ ಡೈಲಾಗು ಎಂದೂ ಸೇರಿಸುತ್ತಿದ್ದರು.

ಯಲ್ಲಕ್ಕ ಸೊಂಟ ಕಟ್ಟಿ ನಿಂತಳು. ನಲ್ಲಿ ಹತ್ತಿರ, ತೋಟದಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಯಾರು ಮುಸಿ ನಕ್ಕರೂ ಹಿಡಿದು ನಿಲ್ಲಿಸಿ ಊಟ ಆಯ್ತಾ ಎಂದ ಕಥೆಯನ್ನು ಹೇಳುತ್ತಿದ್ದಳು. ನಮ್ಮವರ ಬಾಯಲ್ಲಿ ಅಂಥ ಮಾತು ಬಂದರೆ ಸೂರ್ಯ ಪಡುವಲಲ್ಲಿ ಹುಟ್ಟುತ್ತಾನೆ ಎನ್ನುತ್ತಿದ್ದಳು. ಅಮ್ಮನನ್ನು ನೋಡಿ ಅನಿತಾಳಿಗೂ ಬೆನ್ನು ಗಟ್ಟಿಯಾಯಿತು. ಒಂದು ದಿನ ಪಡ್ಡೆಯೊಬ್ಬನಿಗೆ ತಿರುಗಿ ನಿಂತು, ಅದು ಡಬ್ಬಿಂಗ್ ಕಣೋ ದಡ್ಡ, ನಮ್ಮಪ್ಪನ ದನಿ ಅಲ್ಲ ಎಂದು ಹೇಳಿ ಬಂದಳಂತೆ.

ಹೆಂಡತಿ ಮಗಳು ಹೀಗೆ ಅವನ ಮರ್ಯಾದೆ ಕಾಯುತ್ತಿದ್ದಾಗ ಐತ ಮಾಡಿದ್ದೇನು?

ಜಯಪುರದ ಬಸ್‌ಸ್ಟಾಪಿನ ಎದುರು ಸುಬ್ರಾಯರ ಹೋಟೆಲಿತ್ತು. ಕೆಲಸ ಬಿಟ್ಟ ಮೇಲೆ ಐತ ಅಲ್ಲಿ ಟೀ ಕುಡಿಯುತ್ತಿದ್ದ, ಯಾವತ್ತೂ ಹೊರಗಿನ ಕಟ್ಟೆಯ ಹತ್ತಿರ ನಿಂತುಕೊಂಡು. ಒಳಗೆ ಬರಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಒಂದು ಸಂಜೆ ಅಡಿಕೆ ವ್ಯಾಪಾರದ ಸೋಮನಾಥ್ ಒಳಗಿನಿಂದ, ಹೀರೋ ಬಂದ, ಬಾ ಮಾರಾಯ ಎಂದು ಕರೆದ. ಬೆಂಚಿನ ಮೇಲೆ ಸರಿದು ಜಾಗ ಮಾಡಿದ. ಐತ ಕೂತ. ಬೆಂಚಿನ ಅಂಚಿಗೇ ಕೂತರೂ ಕೂತದ್ದು ಹೌದು. ಸುತ್ತ ಏಳೆಂಟು ಜನ ಅವನನ್ನೇ ನೋಡುತ್ತಿದ್ದರು. ಹಿಂದೆ ಆ ಮುಖ ಕಂಡರೆ ಪಕ್ಕಕ್ಕೆ ತಿರುಗುತ್ತಿದ್ದವರು ಇವರೇ.

ಡೈಲಾಗು ಹೇಳು ಎಂದರು. ಅದು ತನ್ನ ದನಿಯಲ್ಲ, ತಾನು ಬರೀ ಬಾಯಿ ಆಡಿಸಿದ್ದು ಎಂದು ಐತ ನಿಜವನ್ನೇ ಹೇಳಿದ. ಸುತ್ತಲಿನ ಮುಖಗಳು ಬಾಡಿದವು. ಒಬ್ಬ ಪೇಪರು ಎತ್ತಿಕೊಂಡ.

"ಹಂಗಾರೆ ನಿಂದು ಬರೀ ಮುಖವೇನೋ? ಇಷ್ಟಕ್ಕೆ ನಿಂಗೆ ಬೆಂಚು ಬಿಟ್ಟುಕೊಟ್ಟೆನಲ್ಲ ಮಾರಾಯ," ಎಂದ ಸೋಮನಾಥ್. ತಮಾಷೆಗೇ ಅಂದದ್ದು.

ಐತನಿಗೆ ಬೆಂಚು ಕೆಳಗಿನಿಂದ ಜಾರುತ್ತಿರುವಂತೆ ಅನ್ನಿಸಿತು. ಗಂಟಲು ಸರಿ ಮಾಡಿಕೊಂಡು ಆ ಮಾತನ್ನು ಮೆಲ್ಲಗೆ ಹೇಳಿದ. ಹೋಟೆಲು ನಕ್ಕಿತು, ಪೇಪರು ಎತ್ತಿಕೊಂಡವನು ಅದನ್ನು ಕೆಳಗಿಟ್ಟ. ಸಾಲದು, ಪಿಕ್ಚರಲ್ಲಿ ಹೇಳಿದ ಹಾಗೆ ಹೇಳು ಎಂದರು. ಎರಡನೇ ಸಲ ಐತ ಹುಬ್ಬು ಏರಿಸಿ, ಗಂಟಲು ಒಡಕು ಮಾಡಿ ಹೇಳಿದ. ಯಾರೋ ಅವನ ಬೆನ್ನು ತಟ್ಟಿದರು. ಸುಬ್ರಾಯರೇ ಕೈಯಾರೆ ಒಂದು ಬನ್ಸ್ ತಂದಿಟ್ಟರು. ಸುಖವಾಗಿತ್ತು. ಆ ಸುಖವನ್ನು ನೆನೆದಾಗಲೆಲ್ಲ ಐತನಿಗೆ ಮುಂದೆ ಮೈ ಹಿಡಿಯಾಗುತ್ತಿತ್ತು. ಯಾರೂ ಅವನ ಕುತ್ತಿಗೆ ಹಿಡಿದು ಹೇಳಿಸಿರಲಿಲ್ಲ.

ಮೂರನೇ ಸಲ ಯಾರೂ ಕೇಳಲಿಲ್ಲ. ಅವನೇ ಎದ್ದು ಬಾಗಿಲಲ್ಲಿ ನಿಂತು, ರಸ್ತೆಯ ಕಡೆ ಮುಖ ಮಾಡಿ, ಮೀಸೆ ತಿರುವಿದ.

"ಏನೇ, ರಾತ್ರಿಗೆ ಎಷ್ಟೇ?"

ಕೊಪ್ಪದ ಬಸ್ಸು ಆಗಷ್ಟೇ ನಿಂತಿತ್ತು. ಪುಸ್ತಕ ಎದೆಗೆ ಒತ್ತಿಕೊಂಡು ಇಳಿದವಳು ಅನಿತಾ. ದಿನಾ ಅದೇ ಬಸ್ಸಿಗೆ ಅವಳು ಬರುತ್ತಾಳೆಂದು ಐತನಿಗೆ ಗೊತ್ತಿತ್ತು. ಬನ್ಸಿನ ಎದುರು ಮರೆತಿದ್ದ.

ಅವಳು ಮೊದಲು ಯಾರೋ ಪಡ್ಡೆ ಎಂದುಕೊಂಡು ಸಿಟ್ಟಿನಿಂದ ತಿರುಗಿದಳು. ಆಮೇಲೆ ನೋಡಿದಳು. ಮುಖದ ಸಿಟ್ಟು ಇಳಿಯಿತು, ಬೇರೇನೂ ಅಲ್ಲಿಗೆ ಬರಲಿಲ್ಲ. ತಲೆ ತಗ್ಗಿಸಿ ಮನೆಯ ದಾರಿ ಹಿಡಿದಳು. ಹೋಟೆಲಿನಲ್ಲಿ ಒಬ್ಬನ ನಗು ಅರ್ಧಕ್ಕೆ ನಿಂತಿತು. ಸುಬ್ರಾಯರು ಲೋಟ ಒರೆಸುತ್ತ ಒಳಗೆ ಹೋದರು.

ಐತ ಅವಳ ಹಿಂದೆಯೇ ನಡೆದ. ಕೂಗಿ ಕರೆಯಲು ಹೋದ, ಏನೆಂದು ಕರೆಯುವುದು? ಅವಳು ಹುಟ್ಟಿದಾಗಿನಿಂದ ಅವನು ಅವಳನ್ನು ಅಮ್ಮಾ ಎಂದೇ ಕರೆಯುತ್ತಿದ್ದ. ಆ ಬಾಯಿಯಲ್ಲಿ ಈಗ ಆ ಪದ ಬರಲೊಲ್ಲದು. ಮನೆ ತಲುಪಿದರೆ ಅವಳು ಅಮ್ಮನ ಮುಂದೆ ಎಲ್ಲ ಹೇಳಿ ಅಳುತ್ತಾಳೆ, ಯಲ್ಲಕ್ಕ ಪೊರಕೆ ಎತ್ತುತ್ತಾಳೆ, ಎತ್ತಲಿ, ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡ. ಅನಿತಾ ಏನೂ ಹೇಳಲಿಲ್ಲ. ಕೈಕಾಲು ತೊಳೆದು ಓದಲು ಕೂತಳು. ಆ ದಿನ ಹೇಳಲಿಲ್ಲ, ಮಾರನೇ ದಿನವೂ ಹೇಳಲಿಲ್ಲ. ಬಸ್ಸನ್ನು ಮಾತ್ರ ಒಂದು ಸ್ಟಾಪು ಮೊದಲೇ ಇಳಿದು ಕಾಲುದಾರಿಯಲ್ಲಿ ಸುತ್ತಿಕೊಂಡು ಬರತೊಡಗಿದಳು. ಚಪ್ಪಲಿ ಯಾಕೆ ಇಷ್ಟು ಸವೆಯುತ್ತದೆ ಎಂದು ಯಲ್ಲಕ್ಕ ಗೊಣಗಿದಾಗ ಐತನಿಗೆ ಅದು ತಿಳಿಯಿತು. ಅವನು ಹೋಟೆಲಿನ ಕಡೆ ಹೋಗುವುದನ್ನೇ ಬಿಟ್ಟ. ಕಳೆದುಕೊಂಡದ್ದು ಅದರಿಂದ ವಾಪಸು ಬರಲಿಲ್ಲ.

ಒಂದು ಭಾನುವಾರ ಸೀತೂರಿನಿಂದ ಯಲ್ಲಕ್ಕನ ಅಕ್ಕ ಭೈರಮ್ಮ ಬಂದಳು. ಪಿಕ್ಚರು ಅವಳೂ ನೋಡಿದ್ದಳು. ಎಲ್ಲರೂ ಊಟಕ್ಕೆ ಕೂತಾಗ ವಿಷಯ ತೆಗೆದಳು. ಸೀತೂರಿನಲ್ಲಿ ತಲೆ ಎತ್ತುವ ಹಾಗಿಲ್ಲ, ನಿನ್ನ ಗಂಡ ಜಯಪುರದಲ್ಲೂ ಅದನ್ನೇ ಹೇಳಿಕೊಂಡು ತಿರುಗುತ್ತಾನಂತೆ ಎಂದು ಯಾರೋ ಹೇಳಿದರು ಎಂದಳು. ಐತನ ಕೈ ತಟ್ಟೆಯಲ್ಲಿ ನಿಂತಿತು.

ಯಲ್ಲಕ್ಕ ಸಾರಿನ ಸೌಟು ಹಿಡಿದುಕೊಂಡೇ ಎದ್ದು ನಿಂತಳು.

"ನಿಂಗೆ ಹೇಳಿದವರ ನಾಲಗೆಗೆ ಹುಳ ಬೀಳ. ಅಕ್ಕಾ, ನನ್ನ ಮಾತು ಬ್ಯಾಡ. ಇವಳು ದಿನಾ ಪ್ಯಾಟೆ ಮ್ಯಾಲೆ ಓಡಾಡೋ ಕೂಸು, ಇವಳನ್ನೇ ಕೇಳು. ಹೇಳೇ ಅನಿತಾ, ನಿನ್ನಪ್ಪ ಎಂಥವರು?"

ಅನಿತಾ ಅನ್ನ ಕಲೆಸುವುದನ್ನು ನಿಲ್ಲಿಸಿದಳು. ಅಪ್ಪನ ಕಡೆ ನೋಡಲಿಲ್ಲ. ನೋಡಿದ್ದರೆ, ಹೇಳಿಬಿಡು ಎಂದು ಅವನ ಕಣ್ಣು ಬೇಡುತ್ತಿದ್ದುದು ಕಾಣುತ್ತಿತ್ತು.

"ಅದು ಅಪ್ಪನ ದನಿ ಅಲ್ಲ ದೊಡ್ಡಮ್ಮ," ಎಂದಳು. "ನಂಗೆ ಗೊತ್ತು."

ಯಲ್ಲಕ್ಕ ಗೆದ್ದವಳ ಹಾಗೆ ಅಕ್ಕನ ಮುಖ ನೋಡಿದಳು. ಸುಳ್ಳು ಹೇಳಿ ಗೊತ್ತಿಲ್ಲದ ಹುಡುಗಿ, ಅವಳ ಕಿವಿಗಳು ಕೆಂಪಗಾಗಿದ್ದವು. ಅದನ್ನು ಕಂಡವನು ಐತ ಒಬ್ಬನೇ. ಮಗಳ ಬಾಯಲ್ಲಿ ತನಗಾಗಿ ಸುಳ್ಳು ಬಂತಲ್ಲ ಎಂದು ಅವನಿಗೆ ಸತ್ತು ಹೋಗುವಷ್ಟು ನಾಚಿಕೆಯಾಯಿತು. ಈಗಲಾದರೂ ಹೇಳಬೇಕು, ಅದು ನನ್ನದೇ ದನಿ, ಹೋಟೆಲಿನ ಬಾಗಿಲಲ್ಲಿ ನಿಂತು ಹೇಳಿದವನು ನಾನೇ ಎಂದು ಯಲ್ಲಕ್ಕನೆದುರು ಒಪ್ಪಿಕೊಳ್ಳಬೇಕು ಎಂದು ಅವನು ತಲೆ ಎತ್ತಿದ. ಬಾಯಿ ತೆರೆದ. ತುಟಿ ಆಡಿತು, ದನಿ ಬರಲಿಲ್ಲ.

ಸಾರು ಕೇಳುತ್ತಿದ್ದಾರೆ ಎಂದುಕೊಂಡು ಯಲ್ಲಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.