ಐದು ಚೌಕಗಳಲ್ಲಿ ನಡುವಿನದು

ಹಣೆಯ ಮೇಲಿನ ವಿಭೂತಿಯ ಗೆರೆ ಕಂಪ್ಯೂಟರಿನ ಕಣ್ಣಿಗೆ ಗಾಯದ ಕಲೆಯಂತೆ ಕಂಡು ಫೋಟೋ ತಿರಸ್ಕಾರವಾಗಬಹುದಿತ್ತು. ಅರ್ಜಿ ತುಂಬುವ ಕೊನೆಯ ದಿನ ಹುಡುಗಿಯ ಊರು ಔರಾದ ಶಹಾಜನಿಯಲ್ಲಿ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೆ ನೆಟ್ ಹೋಗಬಹುದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ನಮ್ಮ ರೂಢಿಯಿಂದಾಗಿ ಹುಡುಗಿ ಹುಟ್ಟಿದ್ದು ಬೀದರ ಜಿಲ್ಲೆಯಲ್ಲಿ, ಓದಿದ್ದು ಮಹಾರಾಷ್ಟ್ರದಲ್ಲಿ. ಎರಡೂ ಕಡೆಯ ಕಚೇರಿಗಳು ‘ಇವಳು ನಮ್ಮವಳಲ್ಲ’ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಪ್ರವೇಶ ಪರೀಕ್ಷೆ ಇದ್ದದ್ದು ಸೊಲ್ಲಾಪುರದಲ್ಲಿ. ನಿಲಂಗಾದಲ್ಲಿ ಬಸ್ಸು ತಪ್ಪಬಹುದಿತ್ತು, ತಪ್ಪದೆ ಸಿಕ್ಕ ಬಸ್ಸು ಉಮರ್ಗಾ ದಾಟಿದ ಮೇಲೆ ಹೈವೇ ಬದಿಗೆ ಕೆಟ್ಟು ಕೂರಬಹುದಿತ್ತು. ಪರೀಕ್ಷೆಯ ವಾರವೇ ಕಾಮಾಲೆ ಬರಬಹುದಿತ್ತು. ಆನ್‌ಲೈನ್ ಸಂದರ್ಶನದ ಹೊತ್ತಿಗೆ ಪಕ್ಕದ ಮನೆಯವರು ಬೋರ್‌ವೆಲ್ಲಿನ ಮೋಟಾರು ಚಾಲೂ ಮಾಡಬಹುದಿತ್ತು. ಯಾರೋ ಸೋದರಮಾವ ಒಂದು ಒಳ್ಳೆಯ ಸಂಬಂಧ ಹುಡುಕಿಕೊಂಡು ಬಂದು ಎಲ್ಲಕ್ಕೂ ಒಂದೇ ಸಲ ಪೂರ್ಣವಿರಾಮ ಹಾಕಬಹುದಿತ್ತು.

ಇದಿಷ್ಟನ್ನೂ ನಾನು ಒಂದು ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿಗೆ ಬರೆದಿಟ್ಟಿದ್ದೆ. ನಮ್ಮ ಮನೆಯವರು ಅದನ್ನು ಕಂಡು ಕನ್ನಡಕ ಏರಿಸಿದರು.

“ಇದೇನು, ಕಿರಾಣಿ ಯಾದಿ ಏನು?”

“ಆ ಹುಡುಗಿ ಅಡ್ಮಿಶನ್‌ದಾಗ ಏನೇನು ಕೆಡಬಹುದು ಅಂತ ಬರದೀನಿ.”

“ಭೂಕಂಪ ಬಿಟ್ಟೀದಿ ನೋಡು,” ಎಂದು ಹೇಳಿ ಅವರು ತಮ್ಮ ಅರಿವೆ ಅಂಗಡಿಗೆ ಹೊರಟುಹೋದರು. ಅವರು ಹೋದ ಮೇಲೆ ಅದನ್ನೂ ಸೇರಿಸಿದೆ.

ಯಾದಿಯಲ್ಲಿದ್ದ ಒಂದೂ ಆಗಲಿಲ್ಲ. ವಿಭೂತಿಯ ಫೋಟೋ ಮೊದಲ ಸಲಕ್ಕೇ ಒಪ್ಪಿಗೆಯಾಯಿತು. ಬಸ್ಸು ಸೊಲ್ಲಾಪುರಕ್ಕೆ ಪರೀಕ್ಷೆಗಿಂತ ಮೂರು ಗಂಟೆ ಮುಂಚೆ ಮುಟ್ಟಿತು. ಆದರೆ ಯಾದಿಯಲ್ಲಿ ಇಲ್ಲದ ಒಂದು ಅಪಾಯವಿತ್ತು. ಅದು ನಾನೇ.

ಉದಗೀರದ ಒಂದು ಜೂನಿಯರ್ ಕಾಲೇಜಿನಲ್ಲಿ ಹನ್ನೊಂದು, ಹನ್ನೆರಡನೆಯ ವರ್ಗಗಳಿಗೆ ಗಣಿತ ಹೇಳುವವಳು ನಾನು. ಬೀದರ ಸೀಮೆಯಿಂದ ಮದುವೆಯಾಗಿ ಇಲ್ಲಿಗೆ ಬಂದು ತಲೆಗೂದಲು ನರೆತಿವೆ. ಪೇಟೆಯಲ್ಲಿ ಕನ್ನಡ ಮಾತಾಡುವ ಮನೆಗಳವರು ಬೇಸಿಗೆ ಬಂತೆಂದರೆ ತಮ್ಮ ಮಕ್ಕಳನ್ನು ನನ್ನ ಮುಂದೆ ತಂದು ನಿಲ್ಲಿಸುತ್ತಾರೆ. “ಬಾಯಾರ, ನಮ್ಮ ಹುಡುಗಗ ಅಲ್ಲಿ ಸೀಟು ಸಿಗತದೇನ್ರೀ? ಎಷ್ಟು ಆಣೆ ಅದ ಹೇಳ್ರಿ.” ನಮ್ಮಲ್ಲಿ ಬೆಳೆಯ ಅಂದಾಜನ್ನು ಹೇಳುವುದು ಆಣೆಗಳಲ್ಲಿ. ಹದಿನಾರು ಎಂದರೆ ಪೂರ್ತಿ, ಎಂಟು ಎಂದರೆ ಅರ್ಧ. ಮಕ್ಕಳ ಭವಿಷ್ಯಕ್ಕೂ ಅದೇ ಅಳತೆ ಅಂಟಿಕೊಂಡಿದೆ. ಆದರೆ ಹದಿನಾರು ಎಂಬ ಸಂಖ್ಯೆಯನ್ನು ಈ ಪೇಟೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೊಲ ತುಂಬಿ ಸೋಯಾಬೀನ್ ನಿಂತಿದ್ದರೂ ‘ಹತ್ತು ಹನ್ನೆರಡಾಣೆ ಅದ ನೋಡ್ರಿ’ ಎನ್ನುತ್ತಾರೆ. ದೀಪಾವಳಿಯಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇಲ್ಲದಿದ್ದಾಗಲೂ ‘ಧಂದಾ ಹೆಂಗದ’ ಎಂದು ಕೇಳಿದರೆ ನಮ್ಮ ಮನೆಯವರ ಉತ್ತರ, ‘ನಡದದ ಬಿಡ್ರಿ.’ ಪೂರ್ತಿ ಹೇಳಿದರೆ ಕಣ್ಣು ತಾಗುತ್ತದೆ. ಸ್ವಂತ ಮಕ್ಕಳ ವಿಷಯದಲ್ಲಂತೂ ಎರಡು ಮೂರು ಆಣೆ ಕಡಿಮೆ ಹೇಳುವುದೇ ಮರ್ಯಾದೆ. ಗಣಿತದವಳಾದರೂ ನಾನು ಇದರಿಂದ ಹೊರಗಿನವಳಲ್ಲ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟ ನೆನಪು ನನಗಿಲ್ಲ.

ಈ ಹುಡುಗಿ ಔರಾದ ಶಹಾಜನಿಯ ಒಬ್ಬ ಕಿರಾಣಿ ವ್ಯಾಪಾರಿಯ ಮಗಳು. ಎರಡು ವರ್ಷ ದಿನಾ ಎಸ್‌ಟಿ ಬಸ್ಸಿನಲ್ಲಿ ಉದಗೀರಕ್ಕೆ ಬಂದು ಹೋಗಿ ಓದಿದವಳು. ಒಮ್ಮೆ ನಾನು ಒಂದು ಲೆಕ್ಕವನ್ನು ಹಲಗೆಯ ಆ ತುದಿಯಿಂದ ಈ ತುದಿಯವರೆಗೆ ಬಿಡಿಸಿ, ಕೈಯ ಸುಣ್ಣ ಝಾಡಿಸಿ ತಿರುಗಿದಾಗ ಎದ್ದು ನಿಂತು, “ಮೇಡಂ, ಒಂದು ಸಣ್ಣ ಡೌಟು,” ಎಂದಳು. ಮುಂದೆ ಬಂದು, ಮೂಲೆಯಲ್ಲಿ ಉಳಿದಿದ್ದ ಅಂಗೈಯಗಲ ಜಾಗದಲ್ಲಿ ಅದೇ ಲೆಕ್ಕವನ್ನು ಮೂರು ಸಾಲಿನಲ್ಲಿ ಮುಗಿಸಿದಳು. ನಾನು, “ಹೂಂ. ಕೂಡು,” ಎಂದೆ. ಮನೆಗೆ ಬಂದು ಆ ಮೂರು ಸಾಲನ್ನು ನನ್ನ ಡೈರಿಯಲ್ಲಿ ಬರೆದುಕೊಂಡೆ. ಅವಳಿಗೆ ಮಾತ್ರ ಹೇಳಲಿಲ್ಲ.

ಅವಳಿಗೆ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಗಣಿತವೇ ಓದಬೇಕಿತ್ತು. ಅಲ್ಲಿ ಸೀಟುಗಳು ಬೆರಳೆಣಿಕೆಯಷ್ಟು, ಬಯಸುವವರು ದೇಶದ ತುಂಬ. ಅಪ್ಪ ಒಂದೇ ಷರತ್ತು ಹಾಕಿದ್ದರು: “ಒಂದೇ ಸಲ. ಆತಂದ್ರ ಹೋಗು. ಆಗಲಿಲ್ಲಂದ್ರ ಇಲ್ಲೇ ಬಿ.ಕಾಂ., ಮಧ್ಯಾಹ್ನ ಅಂಗಡಿ. ಎರಡನೇ ಸಲ ಅನ್ನೂ ಮಾತಿಲ್ಲ.” ಕೆಟ್ಟ ಮನುಷ್ಯರಲ್ಲ ಅವರು. ಸೋತ ಮಗಳು ಇನ್ನೊಂದು ವರ್ಷ ಸೋಲುವುದನ್ನು ನೋಡುವ ಎದೆ ಅವರಿಗಿರಲಿಲ್ಲ, ಅಷ್ಟೇ.

ಪರೀಕ್ಷೆ ಚೆನ್ನಾಗಿಯೇ ಆಯಿತು. ಸಂದರ್ಶನಕ್ಕೆ ಕರೆಯುವ ಮೊದಲು ಕಲಿಸಿದ ಶಿಕ್ಷಕರಿಂದ ಒಂದು ಅಭಿಪ್ರಾಯ ಬೇಕೆಂದು ವಿಶ್ವವಿದ್ಯಾಲಯದಿಂದ ನನಗೆ ಮೇಲ್ ಬಂತು. ತೆರೆದರೆ ಒಂದು ಫಾರ್ಮು. ‘ನೀವು ಈವರೆಗೆ ಕಲಿಸಿದವರಲ್ಲಿ ಈ ವಿದ್ಯಾರ್ಥಿಯ ಸ್ಥಾನ ಯಾವುದು?’ ಕೆಳಗೆ ಐದು ಚೌಕಗಳು, ಒಂದರ ಕೆಳಗೊಂದು. ಎಲ್ಲಕ್ಕಿಂತ ಮೇಲಿನದು, ಇಂಥವರನ್ನು ಬೇರೆ ಕಂಡೇ ಇಲ್ಲ ಎನ್ನುವವರಿಗೆ. ಎಲ್ಲಕ್ಕಿಂತ ಕೆಳಗಿನದು, ಇವರನ್ನು ಕಂಡದ್ದೇ ತಪ್ಪಾಯಿತು ಎನ್ನುವವರಿಗೆ ಇರಬೇಕು.

ಮೌಸಿನ ಬಾಣವನ್ನು ಮೇಲಿನ ಚೌಕಕ್ಕೆ ಒಯ್ದೆ. ನಿಜ ಅದೇ ಆಗಿತ್ತು. ಆದರೆ ಬೆರಳು ಒತ್ತಲಿಲ್ಲ. ತೊಟ್ಟಿಲ ಕೂಸಿಗೆ ‘ಎಷ್ಟು ದಪ್ಪ ಆಗ್ಯದ’ ಎಂದು ಹೇಳಲು ಹೊರಟವಳಂತೆ ಕೈ ಹಿಂದೆ ತೆಗೆದೆ. ಸಂದರ್ಶನ ಇನ್ನೂ ಮುಂದಿದೆ, ಈಗಲೇ ಹದಿನಾರಾಣೆ ಎಂದು ಬರೆದುಕೊಟ್ಟು ಹುಡುಗಿಗೆ ಏನಾದರೂ ಆದರೆ? ಎರಡನೆಯ ಚೌಕಕ್ಕೆ ಇಳಿದೆ. ಅದೂ ಹೆಚ್ಚೆನಿಸಿತು. ನಡುವಿನ ಚೌಕ ನೋಡಲು ಸಭ್ಯವಾಗಿತ್ತು. ಅದನ್ನು ಒತ್ತಿದೆ. ಕೆಳಗೆ ನಾಲ್ಕು ಮಾತು ಬರೆಯಿರಿ ಎಂದಿದ್ದಲ್ಲಿ, ‘ವೇಳೆಗೆ ಸರಿಯಾಗಿ ಬರುತ್ತಾಳೆ. ಅಕ್ಷರ ಸ್ವಚ್ಛ. ಲೆಕ್ಕ ಮಾಡುತ್ತಾಳೆ. ತೊಂದರೆ ಕೊಡುವವಳಲ್ಲ,’ ಎಂದು ಬರೆದು ಕಳಿಸಿಬಿಟ್ಟೆ. ಹಗುರವಾಗಿ ಹೋಗಿ ಚಹಾ ಕುಡಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಅದರ ಪ್ರತಿಯನ್ನು ನಮ್ಮ ಇಂಗ್ಲಿಷ್ ಸರ್‌ಗೆ ತೋರಿಸಿದೆ. ಪುಣೆಯಲ್ಲಿ ಓದಿ ಬಂದ ಮರಾಠಿ ಹುಡುಗ, ಇಂಥ ಫಾರ್ಮುಗಳನ್ನು ಬಲ್ಲವನು. ಓದಿದವನೇ, “ಮ್ಯಾಡಮ್, ಹೇ ಕಾಯ ಕೇಲಂತ ತುಮ್ಹೀ!” ಎಂದು ತಲೆಗೆ ಕೈ ಹಚ್ಚಿದ. ಇದೇನು ಮಾಡಿಬಿಟ್ಟಿರಿ ಎಂದು. ಬೇರೆ ಊರುಗಳ ಶಿಕ್ಷಕರು ಸುಮಾರಾದವರಿಗೂ ಮೇಲಿನ ಚೌಕವನ್ನೇ ಒತ್ತುತ್ತಾರಂತೆ. ನಡುವಿನದನ್ನು ಒತ್ತಿದರೆ ‘ಬೇಡ’ ಎಂದು ಬಾಯಿಬಿಟ್ಟು ಹೇಳಿದ ಹಾಗಂತೆ. “ತೊಂದರೆ ಕೊಡುವವಳಲ್ಲ ಅಂತ ಬೇರೆ ಬರ್ದೀರಿ. ಜಾಮೀನು ಕೊಡ್ಲಿಕ್ಕೆ ಹೋಗಿದ್ರೇನು?” ಎಂದು ಮರಾಠಿಯಲ್ಲೇ ಕೇಳಿದ.

ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿದೆ. ಕಳಿಸಿದ ಅಭಿಪ್ರಾಯವನ್ನು ಬದಲಿಸಲು ಬರುವುದಿಲ್ಲ ಎಂದು ಒಬ್ಬ ಹೆಣ್ಣುಮಗಳು ಬಹಳ ಸಿಹಿಯಾಗಿ ಹೇಳಿದಳು. ಮೂರು ದಿನ ನನಗೆ ಊಟ ರುಚಿಸಲಿಲ್ಲ. ಹೊಸ ಯಾದಿ ಬರೆಯಲು ಕೂತರೆ ಅದರಲ್ಲಿ ಒಂದೇ ಸಾಲು. ನಮ್ಮ ಮನೆಯವರು ವಿಷಯ ಕೇಳಿ ಕನ್ನಡಕ ಕಳಚಿಟ್ಟರು.

“ಲಗ್ನದಾಗ ನಿಮ್ಮಪ್ಪ ನಿನ್ನನ್ನ ಕೇಳಿದಾಗ ನನಗೂ ನಡುವಿನ ಚೌಕಾನೇ ಹಾಕಿದ್ದೇನು?”

“ನಾಕನೇದು,” ಎಂದೆ.

“ಮತ್ತ! ಆದ್ರೂ ಕೆಲಸ ಆತಿಲ್ಲೋ? ಹೋಗಿ ಹುಡುಗಿ ಮನಿಯವರ ಮುಂದ ಒಪ್ಪಿಕೊಂಡು ಬಾ. ಇಲ್ಲಂದ್ರ ನನ್ನ ತಲಿ ತಿಂತೀದಿ.”

ಸಂತೆಯ ದಿನ ಔರಾದ ಶಹಾಜನಿಗೆ ಹೋದೆ. ಅಂಗಡಿಯ ತುಂಬ ಗಿರಾಕಿಗಳು. ಅಪ್ಪ ಗಾದಿಯ ಮೇಲೆ ಕೂತಿದ್ದರು, ಮಗಳು ಒಳಗೆ ಬೆಲ್ಲ ತೂಗುತ್ತಿದ್ದಳು. ನನ್ನನ್ನು ಕಂಡು ಅವರು ಎದ್ದು ನಿಂತು ಸ್ಟೂಲು ಒರೆಸಿದರು. ಗಿರಾಕಿಗಳು ತುಸು ಕರಗಿದ ಮೇಲೆ ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ: ಐದು ಚೌಕ, ನಡುವಿನದು, ಬದಲಿಸಲು ಬರುವುದಿಲ್ಲ ಎಂಬುದು.

ಬೈಗಳಿಗೆ ತಯಾರಾಗಿ ಹೋಗಿದ್ದೆ. ಅವರು ಬೆವರು ಒರೆಸಿಕೊಂಡು ಮೆಲ್ಲಗೆ, “ಬಾಯಾರ, ತಂದಿ ತಾಯಿಗೂ ಒಂದು ಹಾಳಿ ಬರೀಲಿಕ್ಕೆ ಹೇಳಿದ್ರು ನೋಡ್ರಿ,” ಎಂದರು.

“ಹೌದು. ನಿಮ್ಮ ಮಗಳ ಬಗ್ಗೆ ಹೇಳಿರಿ ಅಂತ.”

“ನಾ ಏನು ಬರದೀನಂದ್ರ... ‘ಹುಡುಗಿ ಸಾಧಾರಣ ಅದಾಳ. ಸ್ವಲ್ಪ ಹಟಮಾರಿ. ನಿಮ್ಮ ಮನಸ್ಸಿಗೆ ಬಂದ್ರ ತಗೋರಿ.’”

“ಅಪ್ಪಾ!” ಎಂದು ಒಳಗಿನಿಂದ ದನಿ ಬಂತು. ಬೆಲ್ಲದ ಪೆಂಟೆಯೊಂದು ಧಪ್ಪನೆ ಕೆಳಗೆ ಬಿತ್ತು.

“ಮತ್ತೇನು ಬರೀಲೆವ್ವಾ? ನನ್ನ ಮಗಳ್ನ ನಾನೇ ಹೊಗಳಲೇನು? ಮಂದಿ ಏನಂತಾರ?”

ಹುಡುಗಿ ಹೊರಗೆ ಬಂದಳು. ಕೈಗೆ ಬೆಲ್ಲ ಅಂಟಿತ್ತು. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ಎರಡು ವರ್ಷ ಬಸ್ಸಿನ ಕಂಬ ಹಿಡಿದು ನಿಂತು ಓದಿದ ಹುಡುಗಿ, ಅಪ್ಪನನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಆಮೇಲೆ ನನ್ನನ್ನೇ ಕೇಳಿದಳು:

“ಮೇಡಂ, ಫಾರ್ಮಿನ ಮಾತು ಬಿಡ್ರಿ. ಖರೇ ಹೇಳ್ರಿ. ನನಗ ಎಷ್ಟು ಆಣೆ?”

“ಹದಿಮೂರು,” ಎಂದೆ. ಅವಳು ಕಣ್ಣು ಕೀಳಲಿಲ್ಲ. “ಹದಿನಾಕು ಅನ್ನು.” ಇನ್ನೂ ಹಾಗೇ ನಿಂತಿದ್ದಳು. “ಆಯ್ತವ್ವಾ, ಹದಿನಾರು! ಇಷ್ಟು ವರ್ಷದಾಗ ನಿನ್ನಂಥಾಕಿನ್ನ ನಾ ನೋಡಿಲ್ಲ. ನಿನ್ನ ಮೂರು ಸಾಲು ನನ್ನ ಡೈರ್‍ಯಾಗ ಬರಕೊಂಡೀನಿ, ಬೇಕಂದ್ರ ತೋರಸ್ತೀನಿ.”

ಅಪ್ಪ ಗಾಬರಿಯಾಗಿ ಬೀದಿಯ ಆ ಕಡೆ ಈ ಕಡೆ ನೋಡಿದರು. ಎಣ್ಣೆಗೆ ಬಂದಿದ್ದ ಒಬ್ಬ ಮುದುಕಿಗೆ, “ಏನಿಲ್ಲಜ್ಜಿ, ಜ್ವಾಳದ ಧಾರಣಿ ಮಾತಾಡ್ಲಾಕತ್ತೀವಿ,” ಎಂದರು. ಹುಡುಗಿ ಆಗ ನಕ್ಕಳು, ಹಿಂಗೈಯಿಂದ ಕಣ್ಣು ಒರೆಸಿಕೊಂಡು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಅಂಗಡಿಯಿಂದ ಹೊರಗೆ ಬಂದೆ, ದೊಡ್ಡದೊಂದು ಕಳವು ಮಾಡಿ ಸಿಕ್ಕಿಬಿದ್ದವಳಂತೆ.

ಆಶ್ಚರ್ಯವೆಂದರೆ ಸಂದರ್ಶನಕ್ಕೆ ಕರೆ ಬಂತು. ಪರೀಕ್ಷೆಯ ಅಂಕಗಳೇ ಎಳೆದು ತಂದವೆಂದು ಇಂಗ್ಲಿಷ್ ಸರ್ ಅಂದ. ಸಂದರ್ಶನ ಮುಗಿದ ತಕ್ಷಣ ಅವಳೇ ಫೋನು ಮಾಡಿ ಒಂದೇ ಉಸಿರಿನಲ್ಲಿ ಒದರಿದಳು.

“ಮೇಡಂ, ಕೇಳೇಬಿಟ್ರು! ನಿಮ್ಮ ಟೀಚರು ನಿನ್ನನ್ನ ನಡುವ ಇಟ್ಟಾರ, ನಿಮ್ಮಪ್ಪ ಸಾಧಾರಣ ಅಂದಾರ, ನೀ ಏನಂತಿ ಅಂತ.”

“ನೀ ಏನಂದಿ?”

“ನಮ್ಮ ಕಡಿ ಹದಿನಾರಾಣೆ ಬೆಳಿಗಿ ಹನ್ನೆರಡು ಅಂತಾರ್ರಿ, ಮಕ್ಕಳ ಬಗ್ಗೆ ಅದಕ್ಕಿಂತ ಕಡಿಮಿ ಅಂತಾರ. ಇಬ್ಬರೂ ಕೂಡಿ ಇಷ್ಟು ಕಡಿಮಿ ಹೇಳ್ಯಾರಂದ್ರ ನನ್ನ ಮ್ಯಾಲ ಅವರದು ಭಾಳ ಜೀವ ಅದ ಅಂದೆ. ಒಬ್ಬರು ಭಾಳ ನಕ್ಕರು. ಆಮ್ಯಾಲ ಒಂದು ಲೆಕ್ಕ ಕೊಟ್ರು, ಬಿಡಿಸಿದೆ.”

“ಎಷ್ಟು ಸಾಲು?”

“ನಾಕು. ನೆಟ್ ಸ್ಲೋ ಇತ್ತು.”

ಫಲಿತಾಂಶದ ದಿನ ನಾನು ಮೊಬೈಲನ್ನು ಅಕ್ಕಿ ಡಬ್ಬಿಯ ಮೇಲಿಟ್ಟು ಅದನ್ನೇ ನೋಡುತ್ತ ಕೂತಿದ್ದೆ. ಮಧ್ಯಾಹ್ನ ಅವಳ ಅಪ್ಪನ ಫೋನು ಬಂತು. ಮಳೆ, ತೊಗರಿ, ನಮ್ಮ ಮನೆಯವರ ಮೊಣಕಾಲು ಎಲ್ಲ ವಿಚಾರಿಸಿದರು. ಕೊನೆಗೆ, “ಹಂಗೇ ಸುಮ್ಮ ಮಾಡಿದ್ದೆ ಬಾಯಾರ. ಅದು ಆಗ್ಯದಂತ. ಇಡಲೇನು?” ಎಂದರು. ಇಡಲಿಲ್ಲ. ಆ ಕಡೆಯಿಂದ ಬಹಳ ಹೊತ್ತು ಮೂಗು ಏರಿಸುವ ಸಪ್ಪಳ ಮಾತ್ರ ಕೇಳುತ್ತಿತ್ತು. ಈ ಕಡೆಯಿಂದಲೂ ಅದೇ. ಆ ದಿನ ನಾನು ಎರಡು ಸಲ ಊಟ ಮಾಡಿದೆ.

ಅವಳು ಹೋಗಿ ವಾರವಾದ ಮೇಲೆ ಫೋನು ಮಾಡಿದಳು. ರೂಮು ಚೆನ್ನಾಗಿದೆ, ಗೆಳತಿಯರು ಸಿಕ್ಕಿದ್ದಾರೆ, ಗ್ರಂಥಾಲಯ ನಮ್ಮ ಉದಗೀರದ ಬಸ್ ಸ್ಟ್ಯಾಂಡಿಗಿಂತ ದೊಡ್ಡದು. “ಒಂದೇ ಒಂದು, ಮೇಡಂ,” ಎಂದು ತಡವರಿಸಿದಳು. ಶಿಕ್ಷಕರು ಮೇಲಿನ ಎರಡು ಚೌಕಕ್ಕೆ ಸೇರಿಸದ ಮಕ್ಕಳನ್ನೆಲ್ಲ ಮೊದಲ ಮೂರು ವಾರ ಬೀಜಗಣಿತದ ಬುನಾದಿ ತರಗತಿಗೆ ಹಾಕಿದ್ದಾರಂತೆ. ಮುಂಜಾನೆ ಏಳರಿಂದ ಎಂಟೂವರೆ.

“ಏನು ಕಲಸ್ಲಾಕತ್ತಾರ?”

“ವರ್ಗ ಸಮೀಕರಣ.”

“ಅಯ್ಯ! ನಾ ಇವತ್ತೇ ಅವರಿಗೆ ಒಂದು ಪತ್ರ ಬರೀತೀನಿ.”

“ಬ್ಯಾಡ್ರೀ ಮೇಡಂ!” ಎಂದು ಚೀರಿದಳು. “ನಿಮ್ಮ ಕಾಲಿಗಿ ಬೀಳ್ತೀನಿ, ನೀವು ಇನ್ನೇನೂ ಬರೀಬ್ಯಾಡ್ರಿ!”

ಬರೆಯಲಿಲ್ಲ. ಅಲ್ಲಿಯ ಮೆಸ್ಸಿನಲ್ಲಿ ಬಿಸಿ ದೋಸೆ ಸಿಗುವುದು ಎಂಟೂಕಾಲರವರೆಗೆ ಮಾತ್ರ. ಮೂರು ವಾರ ಅವಳು ತಣ್ಣಗಾದ ಉಪ್ಪಿಟ್ಟು ತಿಂದಳು.